ಬೆರಳಚ್ಚು ಪಡೆದವರ ಹೊಣೆ: ಸಂಸ್ಥೆಗಳ ಮಾಹಿತಿ ಭದ್ರತೆ, ಒಂದು ಸಮೀಕ್ಷೆ

1930ರಲ್ಲಿ ಕೋಲಾರ ಚಿನ್ನದ ಗಣಿಯ (ಕೆಜಿಎಫ್) ಕಾರ್ಮಿಕರು ವಾರಗಟ್ಟಲೆ ಕೆಲಸ ನಿಲ್ಲಿಸಿದರು. ಗಣಿ ಕಂಪನಿಗಳು ಕಾರ್ಮಿಕರ ನೋಂದಣಿಗೆ ಹೊಸ ವ್ಯವಸ್ಥೆ ತಂದು ಪ್ರತಿಯೊಬ್ಬರ ಬೆರಳಚ್ಚು ಪಡೆಯಲು ಹೊರಟಿದ್ದವು. ಠಾಣೆಯಲ್ಲಿ ಕಳ್ಳರಿಂದ ಪಡೆಯುವ ಗುರುತನ್ನು ಭೂಮಿಯ ಆಳದಲ್ಲಿ ಜೀವ ಪಣಕ್ಕಿಟ್ಟು ದುಡಿಯುವ ತಮ್ಮಿಂದ ಯಾಕೆ ಪಡೆಯಬೇಕು ಎಂಬುದು ಅವರ ಪ್ರಶ್ನೆಯಾಗಿತ್ತು. ಚಿನ್ನ ಕದಿಯುತ್ತಾರೆಂಬ ಗುಮಾನಿಯಿಂದ ಅವರ ಮೈ ತಡಕುವ ಪದ್ಧತಿ ಮೊದಲಿನಿಂದಲೂ ಇತ್ತು. ಈಗ ಬೆರಳನ್ನೂ ಕಡತಕ್ಕೆ ಸೇರಿಸಲು ಹೊರಟಾಗ ಅವರ ಸಹನೆ ಮುಗಿಯಿತು.

2023ರಲ್ಲಿ ಕರ್ನಾಟಕದಲ್ಲಿ ಬೆರಳಚ್ಚು ಮತ್ತೆ ಸುದ್ದಿಯಾಯಿತು. ಆಸ್ತಿ ನೋಂದಣಿಯ ಕಾವೇರಿ ಜಾಲತಾಣದಿಂದ ಕ್ರಯಪತ್ರಗಳ ನಕಲು ಪಡೆದ ವಂಚಕರು ಅದರಲ್ಲಿದ್ದ ಆಧಾರ್ ಸಂಖ್ಯೆ ಮತ್ತು ಹೆಬ್ಬೆಟ್ಟಿನ ಗುರುತನ್ನು ಎತ್ತಿಕೊಂಡರು. ನಕಲಿ ಬೆರಳಚ್ಚು ತಯಾರಿಸಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಖಾತೆಗಳಿಂದ ಹಣ ತೆಗೆದರು. ಈ ವ್ಯವಸ್ಥೆಯಲ್ಲಿ ಒಟಿಪಿ ಬೇಡ, ಪಿನ್ ಬೇಡ, ಬೆರಳಿದ್ದರೆ ಸಾಕು. ಹಣ ಕಳೆದುಕೊಂಡವರು ಯಾವ ಲಿಂಕನ್ನೂ ಒತ್ತಿರಲಿಲ್ಲ, ಯಾರಿಗೂ ಗುಟ್ಟು ಹೇಳಿರಲಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ, ಕಾನೂನು ಕೇಳಿದಂತೆ ಹೆಬ್ಬೆಟ್ಟು ಒತ್ತಿ ಬಂದಿದ್ದರು, ಅಷ್ಟೆ. ಪ್ರಕರಣ ಬಯಲಾದ ಮೇಲೆ ಪತ್ರಗಳ ಪ್ರತಿಯಲ್ಲಿ ಬೆರಳಚ್ಚು ಕಾಣದಂತೆ ಮರೆಮಾಡುವ ಕ್ರಮ ಬಂತು.

ಎರಡೂ ಪ್ರಸಂಗಗಳಲ್ಲಿ ಮಾಹಿತಿ ಕೊಟ್ಟವರು ಸಾಮಾನ್ಯ ಜನ, ಪಡೆದದ್ದು ಸಂಸ್ಥೆ. ಮಾಹಿತಿ ಭದ್ರತೆಯ ಚರ್ಚೆ ಈಚಿನ ವರ್ಷಗಳಲ್ಲಿ ಬಹುಮಟ್ಟಿಗೆ ಸಾರ್ವಜನಿಕರಿಗೆ ಹೇಳುವ ಬುದ್ಧಿವಾದವಾಗಿಬಿಟ್ಟಿದೆ: ಒಟಿಪಿ ಹೇಳಬೇಡಿ, ಲಿಂಕ್ ಒತ್ತಬೇಡಿ. ಅದು ಬೇಕು, ಆದರೆ ಸಾಲದು. ಪಡೆದವರು ಹೇಗೆ ಕಾಯುತ್ತಿದ್ದಾರೆ ಎಂಬ ಪ್ರಶ್ನೆಯನ್ನು ಕೆಜಿಎಫ್ ಮತ್ತು ಬಂಗಾರಪೇಟೆಯಂಥ ಊರುಗಳ ನೆಲೆಯಿಂದ ಕೇಳುವುದು ಈ ಲೇಖನದ ಉದ್ದೇಶ.

ಸಣ್ಣ ಊರು, ದೊಡ್ಡ ನಂಟು

ಸೈಬರ್ ದಾಳಿ ಬೆಂಗಳೂರಿನ ಗಾಜಿನ ಕಟ್ಟಡಗಳ ಸಮಸ್ಯೆ, ನಮ್ಮದಲ್ಲ ಎಂಬ ಭಾವನೆ ತಾಲ್ಲೂಕು ಮಟ್ಟದಲ್ಲಿ ಗಟ್ಟಿಯಾಗಿದೆ. ಇಲ್ಲಿ ಏನೇನಿದೆ ಎಂದು ನೋಡಿದರೆ ಆ ಭಾವನೆ ನಿಲ್ಲುವುದಿಲ್ಲ. 1964ರಲ್ಲಿ ಸ್ಥಾಪನೆಯಾದ ಬೆಮೆಲ್ ಕೆಜಿಎಫ್‌ನಲ್ಲಿ ದೊಡ್ಡ ಕಾರ್ಖಾನೆ ಹೊಂದಿದೆ. ರಕ್ಷಣಾ ಸಚಿವಾಲಯದಡಿಯ ಈ ಸಂಸ್ಥೆಗೆ ಬಿಡಿಭಾಗ ಪೂರೈಸುವ ಸಣ್ಣ ಘಟಕಗಳ ಕಂಪ್ಯೂಟರಿನಲ್ಲೂ ನಕ್ಷೆ, ಟೆಂಡರು, ಬಿಲ್ಲುಗಳಿರುತ್ತವೆ. ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ ಐಫೋನ್ ಜೋಡಿಸುವ ಕಾರ್ಖಾನೆಯಿದೆ. ಬಂಗಾರಪೇಟೆಯ ತಾಲ್ಲೂಕು ಕಚೇರಿಯಲ್ಲಿ ರೈತರ ಪಹಣಿ, ಸಹಕಾರ ಸಂಘಗಳಲ್ಲಿ ಸಾಲದ ಲೆಕ್ಕ, ಸ್ತ್ರೀಶಕ್ತಿ ಗುಂಪುಗಳ ಉಳಿತಾಯ, ನರ್ಸಿಂಗ್ ಹೋಮ್‌ಗಳಲ್ಲಿ ರೋಗಿಗಳ ವರದಿ, ಕಾಲೇಜುಗಳಲ್ಲಿ ಮಕ್ಕಳ ಜಾತಿ, ಆದಾಯ, ಆಧಾರ್ ಎಲ್ಲವೂ ಕಡತದಿಂದ ಕಂಪ್ಯೂಟರಿಗೆ ಬಂದಿವೆ.

ಇನ್ನೊಂದು ನಂಟು ರೈಲಿನದು. 2001ರ ಫೆಬ್ರುವರಿ 28ರಂದು ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಮೇಲೆ ಕೆಜಿಎಫ್‌ನ ದುಡಿಯುವ ತಲೆಮಾರು ಬೆಂಗಳೂರಿನ ಕಡೆ ಮುಖ ಮಾಡಿತು. ಮಾರಿಕುಪ್ಪಂ, ಬಂಗಾರಪೇಟೆಗಳಿಂದ ಬೆಳಗಿನ ರೈಲು ಹತ್ತುವವರಲ್ಲಿ ಕಾರ್ಖಾನೆ ಕೆಲಸದವರ ಜೊತೆಗೆ ಬ್ಯಾಂಕು, ಕಾಲ್ ಸೆಂಟರ್, ಸಾಫ್ಟ್‌ವೇರ್ ಕಂಪನಿಗಳ ನೌಕರರೂ ಇದ್ದಾರೆ. ಯಾವುದೋ ದೇಶದ ಗ್ರಾಹಕರ ಮಾಹಿತಿಯಿರುವ ಲ್ಯಾಪ್‌ಟಾಪು ಕಿಕ್ಕಿರಿದ ಬೋಗಿಯಲ್ಲಿ ಅವರ ತೊಡೆಯ ಮೇಲಿರುತ್ತದೆ. ಆ ಯಂತ್ರ ಕಳುವಾದರೂ ಒಳಗಿನದನ್ನು ಯಾರೂ ಓದಲಾಗದಂತೆ ಡಿಸ್ಕನ್ನು ಗೂಢಲಿಪಿಯಲ್ಲಿಡುವುದು ಕಂಪನಿಯ ಕೆಲಸ. ಅದನ್ನು ಮಾಡದೆ, ಕಳೆದುಕೊಂಡ ಹುಡುಗನ ಸಂಬಳ ಹಿಡಿದರೆ ಭದ್ರತೆ ಬರುವುದಿಲ್ಲ.

ತಜ್ಞರು ಮಾಹಿತಿ ಭದ್ರತೆಗೆ ಮೂರು ಮುಖ ಹೇಳುತ್ತಾರೆ. ಮೊದಲನೆಯದು ಗೋಪ್ಯತೆ: ನೋಡಬಾರದವರು ನೋಡಬಾರದು. ಎರಡನೆಯದು ನಿಖರತೆ: ದಾಖಲೆಯನ್ನು ಯಾರೂ ಕದ್ದು ತಿದ್ದಬಾರದು. ಮೂರನೆಯದು ಲಭ್ಯತೆ: ಬೇಕಾದಾಗ ಸಿಗಬೇಕು. ರೋಗಿಯ ವರದಿ ವಾಟ್ಸ್ಆ್ಯಪ್ ಗುಂಪಿನಲ್ಲಿ ಹರಿದಾಡಿದರೆ ಮೊದಲನೆಯದು ಹೋಯಿತು. ಪಹಣಿಯಲ್ಲಿ ಹೆಸರು ಬದಲಾದರೆ ಎರಡನೆಯದು. ಪಡಿತರ ಅಂಗಡಿಯ ಮುಂದೆ ಅರ್ಧ ದಿನ ನಿಂತವರಿಗೆ ‘ಸರ್ವರ್ ಡೌನ್’ ಎಂದರೆ ಮೂರನೆಯದು. ಮೂರರಲ್ಲಿ ಯಾವುದು ಕೆಟ್ಟರೂ ನಷ್ಟ ಮೊದಲು ತಟ್ಟುವುದು ಸರದಿಯಲ್ಲಿ ನಿಂತವರಿಗೆ.

ದಾಳಿಗಳು ಎಲ್ಲಿಂದ ಬರುತ್ತವೆ

ಮೊದಲ ಬಾಗಿಲು ಮೇಲ್ ಮತ್ತು ಮೊಬೈಲ್. 2016ರ ಜುಲೈನಲ್ಲಿ ಯೂನಿಯನ್ ಬ್ಯಾಂಕ್ ಆಫ್ ಇಂಡಿಯಾದಿಂದ 17 ಕೋಟಿ ಡಾಲರ್‌ಗೂ ಹೆಚ್ಚು ಹಣ ವಿದೇಶಿ ಖಾತೆಗಳಿಗೆ ಹರಿದದ್ದು ಸಿಬ್ಬಂದಿಯೊಬ್ಬರು ತೆರೆದ ಮೋಸದ ಮೇಲ್‌ನಿಂದ. ಆದರೆ ಆ ಪ್ರಕರಣದ ನಿಜವಾದ ಪಾಠ ಮುಂದಿನದು. ಬ್ಯಾಂಕು ಖಾತೆಗಳನ್ನು ತಾಳೆ ನೋಡಿದಾಗ ವ್ಯತ್ಯಾಸ ಕಂಡು, ತಡಮಾಡದೆ ಬೆನ್ನುಹತ್ತಿ, ಹಣವನ್ನು ಮರಳಿ ತಂದಿತು. ಒಬ್ಬರ ತಪ್ಪನ್ನು ಪದ್ಧತಿಯೊಂದು ಸರಿಪಡಿಸಿತು. ಅದೇ ವರ್ಷದ ಫೆಬ್ರುವರಿಯಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕು 8.1 ಕೋಟಿ ಡಾಲರ್ ಕಳೆದುಕೊಂಡಿತ್ತು. ಅದರ ಬಹುಪಾಲು ಹಿಂದಿರುಗಲಿಲ್ಲ.

ಸಣ್ಣ ವ್ಯಾಪಾರಿಗಳ ಮಟ್ಟದಲ್ಲಿ ಇದೇ ಮೋಸ ಬೇರೆ ವೇಷದಲ್ಲಿ ಬರುತ್ತದೆ. ಮಾಲು ಕಳಿಸುವ ಕಂಪನಿಯ ಹೆಸರಿನಲ್ಲೇ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ’ ಎಂಬ ಮೇಲ್ ಬರುತ್ತದೆ, ಹಣ ಮೋಸಗಾರರ ಖಾತೆಗೆ ಹೋಗುತ್ತದೆ. ಟ್ರಾಫಿಕ್ ದಂಡ, ಮದುವೆ ಕರೆಯೋಲೆ, ಬ್ಯಾಂಕ್ ಕೆವೈಸಿ ಎಂಬ ಹೆಸರಿನ, ಆ್ಯಪ್ ಅಳವಡಿಸುವ ಎಪಿಕೆ ಫೈಲುಗಳು ವಾಟ್ಸ್ಆ್ಯಪ್‌ನಲ್ಲಿ ಬಂದು ಕೂರುತ್ತವೆ. ಒತ್ತಿ ಅಳವಡಿಸಿಕೊಂಡರೆ ಫೋನಿಗೆ ಬರುವ ಎಸ್ಸೆಮ್ಮೆಸ್ಸೆಲ್ಲ ಬೇರೆಯವರ ಕೈಗೆ ಸಿಗುತ್ತದೆ. ಗುಮಾಸ್ತರ ಸ್ವಂತ ಫೋನೇ ಸಂಘದ ಒಟಿಪಿ ಬರುವ ಫೋನೂ ಆಗಿರುವ ಕಡೆ ಒಬ್ಬರ ಎಡವಟ್ಟು ಇಡೀ ಸಂಸ್ಥೆಯ ನಷ್ಟವಾಗುತ್ತದೆ.

ಎರಡನೆಯದು ಒತ್ತೆ ಹಣದ ದಾಳಿ, ಅಂದರೆ ರಾನ್ಸಮ್‌ವೇರ್. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳು ನಿಂತುಹೋದವು. ಹೊರರೋಗಿಗಳ ನೋಂದಣಿ, ಲ್ಯಾಬ್ ವರದಿ, ಬಿಲ್ಲು ಎಲ್ಲವೂ ಸುಮಾರು ಎರಡು ವಾರ ಕೈಬರಹದಲ್ಲೇ ನಡೆಯಬೇಕಾಯಿತು. 5 ಸರ್ವರ್‌ಗಳ ಸುಮಾರು 1.3 ಟೆರಾಬೈಟ್ ದತ್ತಾಂಶಕ್ಕೆ ಬೀಗ ಬಿದ್ದಂತಾಗಿತ್ತು. ಆಸ್ಪತ್ರೆಯ ಜಾಲವನ್ನು ಸರಿಯಾಗಿ ವಿಭಾಗಿಸದೆ ಇದ್ದದ್ದೇ ಕಾರಣ ಎಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ದೇಶದ ಅಗ್ರ ಆಸ್ಪತ್ರೆಯಲ್ಲೇ ಹೀಗಾದರೆ, ರಿಸೆಪ್ಷನ್ ಕಂಪ್ಯೂಟರನ್ನೂ ಸ್ಕ್ಯಾನಿಂಗ್ ಯಂತ್ರವನ್ನೂ ಒಂದೇ ವೈಫೈಗೆ ಜೋಡಿಸಿಕೊಂಡಿರುವ ಸಣ್ಣ ಆಸ್ಪತ್ರೆಗಳು ಎಚ್ಚೆತ್ತುಕೊಳ್ಳಬೇಕು.

ಮೂರನೆಯದು ಪಕ್ಕದವರ ಬಾಗಿಲಿನಿಂದ ಬರುವ ದಾಳಿ. ತಾಲ್ಲೂಕು ಮಟ್ಟದ ಸಂಸ್ಥೆಗಳು ಅತಿ ಹೆಚ್ಚು ಗಮನಿಸಬೇಕಾದದ್ದು ಇದನ್ನೇ. 2024ರ ಜುಲೈ 31ರಂದು ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ತಾಂತ್ರಿಕ ಸೇವೆ ಕೊಡುವ ಸಿ-ಎಡ್ಜ್ ಎಂಬ ಕಂಪನಿಯ ವ್ಯವಸ್ಥೆಗೆ ರಾನ್ಸಮ್‌ವೇರ್ ತಗುಲಿತು. ಸೋಂಕು ಹರಡದಿರಲೆಂದು ರಾಷ್ಟ್ರೀಯ ಪಾವತಿ ನಿಗಮ ಅದರ ಸಂಪರ್ಕ ಕಡಿದಾಗ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯುಪಿಐ, ಎಟಿಎಂ ಸೇವೆ ತಾತ್ಕಾಲಿಕವಾಗಿ ನಿಂತಿತು. ಆ ಬ್ಯಾಂಕುಗಳ ಗುಮಾಸ್ತರು ಯಾವ ತಪ್ಪನ್ನೂ ಮಾಡಿರಲಿಲ್ಲ. 2018ರ ಆಗಸ್ಟ್‌ನಲ್ಲಿ ಪುಣೆಯ ಕಾಸ್ಮಸ್ ಸಹಕಾರಿ ಬ್ಯಾಂಕು ಸುಮಾರು 94 ಕೋಟಿ ರೂಪಾಯಿ ಕಳೆದುಕೊಂಡದ್ದು ಎಟಿಎಂ ವಹಿವಾಟು ನಿರ್ವಹಿಸುವ ಸ್ವಿಚ್‌ಗೆ ಹೊಕ್ಕ ಕುತಂತ್ರಾಂಶದಿಂದ. ನಕಲಿ ಕಾರ್ಡುಗಳಿಂದ 28 ದೇಶಗಳಲ್ಲಿ ಹಣ ತೆಗೆಯಲಾಗಿತ್ತು. ಸಹಕಾರಿ ಬ್ಯಾಂಕನ್ನು ಯಾರು ಕೇಳುತ್ತಾರೆ ಎಂಬ ನೆಮ್ಮದಿಗೆ ಅಂದೇ ಅರ್ಥ ಹೋಯಿತು.

ನಾಲ್ಕನೆಯದು ವ್ಯವಸ್ಥೆಯ ಒಳಗೇ ಇರುವ ಸಂದು. 2019ರಲ್ಲಿ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ವ್ಯವಸ್ಥೆಗೆ ನುಗ್ಗಿ ಗುತ್ತಿಗೆದಾರರ ಠೇವಣಿಯ 11.5 ಕೋಟಿ ರೂಪಾಯಿಯನ್ನು ಬೇರೆ ಖಾತೆಗಳಿಗೆ ತಿರುಗಿಸಲಾಯಿತು. 2025ರ ಜುಲೈನಲ್ಲಿ ಕ್ರಿಪ್ಟೊ ವಿನಿಮಯ ಸಂಸ್ಥೆ ಕಾಯಿನ್‌ಡಿಸಿಎಕ್ಸ್ 4.4 ಕೋಟಿ ಡಾಲರ್ ಕಳೆದುಕೊಂಡ ಪ್ರಕರಣದಲ್ಲಿ, ನೌಕರರೊಬ್ಬರ ಕಚೇರಿ ಲ್ಯಾಪ್‌ಟಾಪು ದುರುಪಯೋಗವಾಯಿತೆಂದು ಬೆಂಗಳೂರು ಪೊಲೀಸರು ತನಿಖೆ ನಡೆಸಿದರು. ಅರೆಕಾಲಿಕ ಕೆಲಸದ ಆಮಿಷ ಆ ಯಂತ್ರಕ್ಕೆ ದಾರಿಯಾಗಿತ್ತು ಎಂಬುದು ವರದಿ. ಒಂದು ಲ್ಯಾಪ್‌ಟಾಪಿನಿಂದ ಅಷ್ಟು ದೊಡ್ಡ ಮೊತ್ತದವರೆಗೆ ದಾರಿ ಯಾಕಿತ್ತು ಎಂದೂ ಕೇಳಬೇಕು.

ದಾಳಿಯೇ ಇಲ್ಲದೆ ಕೆಲಸ ನಿಲ್ಲುವುದೂ ಉಂಟು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ದೋಷಪೂರ್ಣ ಅಪ್‌ಡೇಟ್ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳನ್ನು ನಿಲ್ಲಿಸಿತು. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಅಂದು ಚೆಕ್-ಇನ್ ಕೆಲಸವನ್ನು ಕೈಯಲ್ಲೇ ಮಾಡಬೇಕಾಯಿತು. ಹಾಗೆ ಮಾಡಲು ಬರುತ್ತಿದ್ದವರು ಇದ್ದುದರಿಂದ ವಿಮಾನಗಳು ಹೊರಟವು.

ಮಾಡಬೇಕಾದ್ದು ಏನು

ಮೇಲಿನ ಪ್ರಕರಣಗಳಲ್ಲಿ ಬಹುಪಾಲು ತಡೆಯಬಹುದಾಗಿದ್ದವು. ತಡೆಯುವ ಕ್ರಮಗಳಲ್ಲಿ ಹೆಚ್ಚಿನವಕ್ಕೆ ದುಡ್ಡಿಗಿಂತ ಶಿಸ್ತು ಬೇಕು.

ಎಲ್ಲಕ್ಕಿಂತ ಮೊದಲು, ಬೇಡದ ಮಾಹಿತಿ ಪಡೆಯದಿರುವುದು. ಲಾಡ್ಜಿನಿಂದ ಹಿಡಿದು ಕೋಚಿಂಗ್ ಸೆಂಟರಿನವರೆಗೆ ಎಲ್ಲರೂ ಆಧಾರ್ ಜೆರಾಕ್ಸ್ ಕೇಳುತ್ತಾರೆ. ಯಾಕೆ ಬೇಕು, ಎಷ್ಟು ದಿನ ಇಟ್ಟುಕೊಳ್ಳುತ್ತೀರಿ ಎಂದರೆ ಉತ್ತರವಿಲ್ಲ. ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ದಾಖಲೆ ಅಲ್ಲಿನ ಫೋನಿನಲ್ಲೇ ಉಳಿದುಬಿಡುತ್ತದೆ. ಇಲ್ಲದ ಮಾಹಿತಿಯನ್ನು ಯಾರೂ ಕದಿಯಲಾರರು. ಕೊನೆಯ 4 ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿ ಸಾಕಾಗುವ ಕಡೆ ಪೂರ್ತಿ ಪ್ರತಿ ಕೇಳಬಾರದು.

ಎರಡನೆಯದು, ಪಾಸ್‌ವರ್ಡಿನ ಜೊತೆಗೆ ಇನ್ನೊಂದು ಪರೀಕ್ಷೆ. ಇಡೀ ಕಚೇರಿಗೆ ಒಂದೇ ಲಾಗಿನ್ ಇಟ್ಟುಕೊಂಡು, ಪಾಸ್‌ವರ್ಡನ್ನು ಮಾನಿಟರಿಗೆ ಅಂಟಿಸುವ ಪದ್ಧತಿ ನಿಲ್ಲಬೇಕು. ಪ್ರತಿಯೊಬ್ಬರಿಗೂ ಅವರದೇ ಲಾಗಿನ್, ಅವರ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ, ಕೆಲಸ ಬಿಟ್ಟ ದಿನವೇ ಅದರ ರದ್ದತಿ. ಇದರಲ್ಲಿ ಕರ್ನಾಟಕಕ್ಕೆ ಒಳ್ಳೆಯ ಮೇಲ್ಪಂಕ್ತಿಯಿದೆ. 2000ದ ಸುಮಾರಿಗೆ ಪಹಣಿಗಳನ್ನು ಕಂಪ್ಯೂಟರಿಗೆ ತಂದ ಭೂಮಿ ಯೋಜನೆಯಲ್ಲಿ ಅಧಿಕಾರಿಗಳು ಬೆರಳಚ್ಚು ಕೊಟ್ಟೇ ಒಳಹೋಗಬೇಕಿತ್ತು. ಯಾರು ಯಾವ ತಿದ್ದುಪಡಿ ಮಾಡಿದರೆಂಬುದನ್ನು ಆಮೇಲೆ ಅಲ್ಲಗಳೆಯಲು ಬರುತ್ತಿರಲಿಲ್ಲ. ಗಣಿಯಲ್ಲಿ ಬೆರಳಚ್ಚು ಕೂಲಿಯ ಮೇಲಿನ ಗುಮಾನಿಯಾಗಿತ್ತು, ಇಲ್ಲಿ ಅದು ಅಧಿಕಾರವಿದ್ದವರ ಮೇಲಿನ ಕಡಿವಾಣವಾಯಿತು. ತಂತ್ರ ಒಂದೇ, ಅದು ಯಾರನ್ನು ಕಾಯುತ್ತದೆ ಎಂಬುದರಲ್ಲಿ ವ್ಯತ್ಯಾಸ.

ಮೂರನೆಯದು ಬ್ಯಾಕಪ್. ಮಾಹಿತಿಯ 3 ಪ್ರತಿ, 2 ಬಗೆಯ ಸಾಧನಗಳಲ್ಲಿ, ಅದರಲ್ಲಿ 1 ಪ್ರತಿ ಬೇರೆ ಜಾಗದಲ್ಲಿ, ಜಾಲಕ್ಕೆ ಅಂಟಿಕೊಳ್ಳದಂತೆ. ಇದು ಜಗತ್ತಿನೆಲ್ಲೆಡೆ ಒಪ್ಪಿದ ನಿಯಮ. ಗಣಿಯಿಂದ ಹೊರಬರಲು ಒಂದೇ ದಾರಿ ಇರಕೂಡದೆಂದು ಗಣಿ ಸುರಕ್ಷತಾ ನಿಯಮ ಹೇಳುತ್ತದೆ. ಬಂಡೆ ಸಿಡಿದು ಒಂದು ದಾರಿ ಮುಚ್ಚಿದರೆ ಇನ್ನೊಂದು ತೆರೆದಿರಬೇಕು. ಬ್ಯಾಕಪ್ ಅಂಥ ಎರಡನೆಯ ದಾರಿ. ಆ ದಾರಿಯಲ್ಲಿ ಆಗಾಗ ನಡೆದೂ ನೋಡಬೇಕು: ಬ್ಯಾಕಪ್‌ನಿಂದ ದಾಖಲೆ ಮರಳಿ ತೆಗೆದು ಪರೀಕ್ಷಿಸದೆ ಇದ್ದರೆ ಅದು ಇದೆಯೆಂದು ನಂಬುವಂತಿಲ್ಲ.

ನಾಲ್ಕನೆಯದು, ಹಳೆಯ ತಂತ್ರಾಂಶಕ್ಕೆ ವಿದಾಯ. 2017ರ ಮೇ ತಿಂಗಳಲ್ಲಿ 150ರಷ್ಟು ದೇಶಗಳನ್ನು ತಟ್ಟಿದ ವನ್ನಾಕ್ರೈ ದಾಳಿಯ ರಂಧ್ರವನ್ನು ಮುಚ್ಚುವ ಅಪ್‌ಡೇಟ್ ಎರಡು ತಿಂಗಳ ಮೊದಲೇ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ವಿಂಡೋಸ್ 10ಕ್ಕೆ ಅದರ ತಯಾರಕ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಮ್ಮ ಕಚೇರಿಗಳ ಎಷ್ಟು ಕಂಪ್ಯೂಟರುಗಳು ಇನ್ನೂ ಅದರಲ್ಲೇ ಓಡುತ್ತಿವೆ ಎಂದು ಪ್ರತಿ ಆಡಳಿತ ಮಂಡಳಿ ಎಣಿಸಿ ನೋಡಬೇಕು. ನಕಲಿ ತಂತ್ರಾಂಶವಂತೂ ಕಳ್ಳರಿಗೆ ಕೀಲಿ ಕೊಟ್ಟು ಕರೆದಂತೆ.

ಐದನೆಯದು ಹಣದ ಶಿಸ್ತು. ದೊಡ್ಡ ಮೊತ್ತಕ್ಕೆ ಇಬ್ಬರ ಒಪ್ಪಿಗೆ, ಪ್ರತಿದಿನ ತಾಳೆ, ಖಾತೆ ಸಂಖ್ಯೆ ಬದಲಾಯಿತೆಂಬ ಸುದ್ದಿ ಬಂದರೆ ನಮ್ಮಲ್ಲಿ ಮೊದಲೇ ಇದ್ದ ನಂಬರಿಗೆ ನಾವೇ ಕರೆ ಮಾಡಿ ಕೇಳುವುದು. ಆರ್‌ಟಿಜಿಎಸ್, ನೆಫ್ಟ್ ಕಳಿಸುವ ಮೊದಲು ಖಾತೆದಾರರ ಹೆಸರು ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್‌ನೊಳಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕು ಎಲ್ಲ ಬ್ಯಾಂಕುಗಳಿಗೆ ಹೇಳಿತ್ತು. ಅದನ್ನು ಬಳಸಿದರೆ ಖಾತೆ ಬದಲಾವಣೆಯ ಮೋಸ ಅಲ್ಲೇ ಸಿಕ್ಕಿಬೀಳುತ್ತದೆ. ಬ್ಯಾಂಕುಗಳ ಜಾಲತಾಣಗಳು ‘ಬ್ಯಾಂಕ್ ಡಾಟ್ ಇನ್’ ವಿಳಾಸಕ್ಕೆ ಬದಲಾಗಿರುವುದೂ ಅಸಲಿ-ನಕಲಿ ಗುರುತಿಸಲು ನೆರವಾಗುತ್ತದೆ.

ಕಾನೂನು ಎಲ್ಲಿಗೆ ಬಂದಿದೆ

2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಿಂದ ಆರಂಭಿಸಿ ಕಾನೂನು ನಿಧಾನವಾಗಿ ಸಂಸ್ಥೆಗಳ ಕಡೆಗೆ ಬೆರಳು ತೋರಿಸತೊಡಗಿದೆ. 2022ರ ಏಪ್ರಿಲ್ 28ರ ಆದೇಶದಲ್ಲಿ ಕೇಂದ್ರ ಸರ್ಕಾರದ ಸೈಬರ್ ತುರ್ತು ಸ್ಪಂದನ ಸಂಸ್ಥೆ ಸರ್ಟ್-ಇನ್, ಗಂಭೀರ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ವ್ಯವಸ್ಥೆಯ ಚಟುವಟಿಕೆಯ ದಾಖಲೆಗಳನ್ನು 180 ದಿನ ಕಾಪಾಡಬೇಕು ಎಂದಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ತಕ್ಕ ಭದ್ರತೆ ಒದಗಿಸದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಲು ಅವಕಾಶ ಕೊಡುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ, ಮುಖ್ಯ ಹೊಣೆಗಾರಿಕೆಗಳಿಗೆ 18 ತಿಂಗಳ ಕಾಲಾವಕಾಶ ಸಿಕ್ಕಿದೆ. ಮಾಹಿತಿ ಸೋರಿದರೆ ಬಾಧಿತರಿಗೆ ನೇರವಾಗಿ ತಿಳಿಸಬೇಕೆಂಬುದು ಇದರ ತಿರುಳು. ಆ ಅವಧಿ ಮುಗಿದ ಮೇಲೆ ಮುಚ್ಚಿಡುವುದು ದಂಡದ ಹಾದಿ.

ಬ್ಯಾಂಕ್ ಗ್ರಾಹಕರಿಗೂ ಒಂದು ರಕ್ಷಣೆಯಿದೆ, ಬಹಳ ಜನಕ್ಕೆ ಗೊತ್ತಿಲ್ಲ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ, ಮೂರನೆಯವರಿಂದ ಆದ ಅನಧಿಕೃತ ವಹಿವಾಟು ಎಂದಾದರೆ, 3 ಕೆಲಸದ ದಿನಗಳೊಳಗೆ ದೂರು ಕೊಟ್ಟ ಗ್ರಾಹಕರು ನಷ್ಟ ಹೊರಬೇಕಿಲ್ಲ ಎಂದು ರಿಸರ್ವ್ ಬ್ಯಾಂಕು 2017ರ ಜುಲೈನಲ್ಲಿ ಹೇಳಿತು. ಅದೇ ವರ್ಷ ಸಹಕಾರಿ ಬ್ಯಾಂಕುಗಳಿಗೂ ಇದನ್ನು ವಿಸ್ತರಿಸಿತು. ಈ ಮಾತನ್ನು ಪ್ರತಿ ಶಾಖೆಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆದು ಹಾಕಬೇಕು.

ರಾಜ್ಯದ ಮಟ್ಟದಲ್ಲಿ ಸಾಧನಗಳ ಕೊರತೆಯಿಲ್ಲ. 2024ರ ಆಗಸ್ಟ್‌ನಲ್ಲಿ ಕರ್ನಾಟಕ ತನ್ನದೇ ಸೈಬರ್ ಭದ್ರತಾ ನೀತಿ ಪ್ರಕಟಿಸಿತು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಸೈಬರ್ ಭದ್ರತಾ ಕೇಂದ್ರ ಸೈಸೆಕ್ ತರಬೇತಿ, ಜಾಗೃತಿಯ ಕೆಲಸ ಮಾಡುತ್ತಿದೆ. ಪ್ರತ್ಯೇಕ ಪೊಲೀಸ್ ಜಿಲ್ಲೆಯಾದ ಕೆಜಿಎಫ್‌ನಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸಿಇಎನ್ ಠಾಣೆಯಿದೆ. ಊರ್ಗಾಂನಲ್ಲಿ ಎಂಜಿನಿಯರಿಂಗ್ ಕಾಲೇಜಿದೆ. ಇವುಗಳ ನಡುವೆ ಕೊಂಡಿ ಬೆಸೆಯುವುದು ಬಾಕಿ. ಅಂತಿಮ ವರ್ಷದ ವಿದ್ಯಾರ್ಥಿಗಳು ತಮ್ಮ ಪ್ರಾಜೆಕ್ಟಾಗಿ ತಾಲ್ಲೂಕಿನ ಒಂದೊಂದು ಸಹಕಾರ ಸಂಘ, ಶಾಲೆ, ಆಸ್ಪತ್ರೆಯ ಭದ್ರತೆಯನ್ನು ಆ ಸಂಸ್ಥೆಯ ಒಪ್ಪಿಗೆಯಿಂದ ಪರಿಶೀಲಿಸಿ ವರದಿ ಕೊಟ್ಟರೆ ಇಬ್ಬರಿಗೂ ಲಾಭ.

ಗುಮಾನಿಯಿಂದ ಭದ್ರತೆ ಬರುವುದಿಲ್ಲ

ಸಂಸ್ಥೆಗಳ ದೊಡ್ಡ ದೋಷ ತಂತ್ರಜ್ಞಾನದ್ದಲ್ಲ, ಧೋರಣೆಯದು. ದಾಳಿಯಾದೊಡನೆ ಲಿಂಕ್ ಒತ್ತಿದ ನೌಕರರನ್ನು ಹುಡುಕಿ ಶಿಕ್ಷಿಸುವುದು ರೂಢಿ. ಇದರ ಫಲ ತೀರಾ ಕೆಟ್ಟದ್ದು. ಬೈಗುಳಕ್ಕೆ ಹೆದರುವವರು ತಪ್ಪನ್ನು ಮುಚ್ಚಿಡುತ್ತಾರೆ, ಹಣವನ್ನು ತಡೆಹಿಡಿಯಬಹುದಾದ ಮೊದಲ ಗಂಟೆ ಕಳೆದುಹೋಗುತ್ತದೆ. ‘ನಾನು ಒತ್ತಿಬಿಟ್ಟೆ ಸಾರ್’ ಎಂದು ತಕ್ಷಣ ಹೇಳಿದವರಿಗೆ ಮೆಚ್ಚುಗೆ ಸಿಗುವ ಕಚೇರಿಯೇ ಸುರಕ್ಷಿತ ಕಚೇರಿ. ಒಬ್ಬರ ಒಂದು ಒತ್ತಿಗೆ ಇಡೀ ಸಂಸ್ಥೆ ಕುಸಿಯಿತೆಂದರೆ ತಪ್ಪು ಅಂಥ ವ್ಯವಸ್ಥೆ ಕಟ್ಟಿದವರದು.

ತರಬೇತಿಯೂ ಜನರ ಭಾಷೆಯಲ್ಲಿರಬೇಕು. ಬಂಗಾರಪೇಟೆಯಲ್ಲಿ ಕನ್ನಡ, ತೆಲುಗು, ಉರ್ದು, ಕೆಜಿಎಫ್‌ನಲ್ಲಿ ಅದರ ಜೊತೆ ಮನೆಮನೆಯ ತಮಿಳು. ಮೋಸಗಾರರು ಜನರ ಭಾಷೆಯಲ್ಲೇ ಕರೆ ಮಾಡುತ್ತಾರೆ, ಎಚ್ಚರಿಕೆಯ ಪಾಠ ಮಾತ್ರ ಇಂಗ್ಲಿಷ್ ಸ್ಲೈಡಿನಲ್ಲಿರುತ್ತದೆ. ಕಸ ಗುಡಿಸುವವರಿಂದ ಕಾವಲುಗಾರರವರೆಗೆ ಎಲ್ಲರನ್ನೂ ಕೂರಿಸಿ, ಅವರ ಮಾತಿನಲ್ಲೇ, ನಡೆದ ಪ್ರಕರಣಗಳನ್ನೇ ಹೇಳಿ ವಿವರಿಸಬೇಕು. ವರ್ಷಕ್ಕೊಮ್ಮೆ ಸಹಿ ಹಾಕಿಸಿಕೊಳ್ಳುವ ಸುತ್ತೋಲೆಯಿಂದ ಏನೂ ಆಗದು.

ಕೆಜಿಎಫ್, ಬಂಗಾರಪೇಟೆಯ ಪ್ರತಿ ಸಹಕಾರ ಸಂಘದ ಅಧ್ಯಕ್ಷರು, ಆಸ್ಪತ್ರೆಯ ಆಡಳಿತಗಾರರು, ಶಾಲೆಯ ಮುಖ್ಯಸ್ಥರು ಮುಂದಿನ ಸಭೆಯಲ್ಲಿ ಮೂರು ಪ್ರಶ್ನೆ ಕೇಳಲಿ: ನಮ್ಮ ಬಳಿ ಯಾರ ಯಾವ ಮಾಹಿತಿಯಿದೆ? ಅದನ್ನು ಯಾರು ಯಾರು ನೋಡಬಲ್ಲರು? ನಾಳೆ ಕಂಪ್ಯೂಟರೆಲ್ಲ ನಿಂತರೆ ನಾಡಿದ್ದು ಕೆಲಸ ಹೇಗೆ ನಡೆಸುತ್ತೇವೆ? ಉತ್ತರ ಬರೆದಿಡಲಿ, ಜವಾಬ್ದಾರಿಗೆ ಒಬ್ಬರ ಹೆಸರು ಹಾಕಲಿ. ಓದುಗರು ಎಂ-ಆಧಾರ್ ಆ್ಯಪ್‌ನಲ್ಲಿ ತಮ್ಮ ಬಯೊಮೆಟ್ರಿಕ್ ಲಾಕ್ ಮಾಡಿಕೊಳ್ಳಲಿ, ಮನೆಯ ಹಿರಿಯರಿಗೂ ಮಾಡಿಕೊಡಲಿ. ಹಣ ಹೋಯಿತೆಂದು ಗೊತ್ತಾದ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930 ಸಂಖ್ಯೆಗೆ ಕರೆ ಮಾಡಿ, ಬ್ಯಾಂಕಿಗೆ ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ನಿಮ್ಮ ಮಾಹಿತಿ ಕೇಳುವ ಯಾವುದೇ ಸಂಸ್ಥೆಯನ್ನು, ಅದನ್ನು ಹೇಗೆ ಕಾಯುತ್ತೀರಿ ಎಂದು ಹಿಂಜರಿಯದೆ ಕೇಳಿ. ಕೇಳುವುದು ನಿಮ್ಮ ಹಕ್ಕು, ಉತ್ತರ ಕೊಡುವುದು ಅವರ ಕರ್ತವ್ಯ.